ಹಾಳೆಯಡಿಯ ಹೆಜ್ಜೆ

ನಲವತ್ತು ವರ್ಷ ಊರವರ ನಲ್ಲಿ ರಿಪೇರಿ ಮಾಡಿದ ಪ್ಲಂಬರ್‌ಗೆ, ಮುಪ್ಪಿನಲ್ಲಿ ಹಿತ್ತಲಲ್ಲೊಂದು ಪುಟ್ಟ ಜಲಪಾತ ಕಟ್ಟುವ ಹುಚ್ಚು ಹಿಡಿಯಿತು. ಹೊಂಡ ತೋಡಿದ್ದು ಅವನು; ನೀರು ಇಂಗದಂತೆ ಅದರೊಳಗೆ ಹಾಸಬೇಕಿದ್ದ ರಬ್ಬರ್ ಹಾಳೆಯನ್ನು ಹರಿಯಬಲ್ಲ ಚೂಪುಗಲ್ಲುಗಳನ್ನು ಬರಿಗಾಲಲ್ಲಿ ತಡಕಿ ಹೆಕ್ಕಿದ್ದು ಹೆಂಡತಿ.

"ನಿಮ್ಮ ಕಾಲು ಒರಟು ರೀ, ಅದಕ್ಕೇನು ಗೊತ್ತಾಗತ್ತೆ," ಎಂದು ಕಿರುಬೆರಳಿಲ್ಲದ ತನ್ನ ಎಡಗಾಲನ್ನು ಹೆಮ್ಮೆಯಿಂದ ತೋರಿಸಿದ್ದಳು. ಕೆಲಸ ಅರ್ಧಕ್ಕೆ ಬಿಟ್ಟು ಅವಳು ತೀರಿಕೊಂಡಳು.

ತಿಂಗಳಾದ ಮೇಲೆ ಅವನೊಬ್ಬನೇ ಕಪ್ಪು ರಬ್ಬರ್ ಹಾಳೆ ಹಾಸಿ, ಸುಕ್ಕು ಬಿಡಿಸಲು ಅದರ ಮೇಲೆ ನಡೆದ. ಅಂಗಾಲಿಗೆ ಏನೋ ಒತ್ತಿತು. ಕಲ್ಲಿರಬೇಕೆಂದು ಗೊಣಗುತ್ತ ಕಾಲೆತ್ತಿ ನೋಡಿದ. ಹಾಳೆ ಕೆಳಗಿನಿಂದ ಅಂಗಾಲಿನಾಕಾರಕ್ಕೆ ಉಬ್ಬಿತ್ತು. ಎಣಿಸಿದ. ನಾಲ್ಕೇ ಬೆರಳು.

"ಇನ್ನೂ ಮುಗಿದಿಲ್ವೇನೇ?" ಎಂದ.

ಉಬ್ಬು ತಡಕುತ್ತ ಒಂದು ಹೆಜ್ಜೆ ಮುಂದೆ ಸರಿಯಿತು.