ಎಡ್ಮಂಡ್ ಓದುತ್ತಿದ್ದ ಗೋರಿಯ ಕಥೆ

ನನ್ನ ಗಂಡ ಎಡ್ಮಂಡ್ ಹೇಗಾರ್ತ್ ಉತ್ತರ ಇಂಗ್ಲೆಂಡಿನ ಡೆಂಟ್ ಕಣಿವೆಯಲ್ಲಿ ಕುರಿ ಕಾಯ್ದು ಬದುಕಿದವನು. ಹೇಳಲು ಹೆಚ್ಚೇನಿಲ್ಲ. ಕಾಲುಚೀಲ ಹೆಣೆಯುತ್ತಿದ್ದ, ಓದುತ್ತಿದ್ದ, ಈ ಫೆಬ್ರವರಿಯಲ್ಲಿ ಸತ್ತ.

ನಮ್ಮಲ್ಲಿ ಗಂಡಸರೂ ಹೆಣೆಯುತ್ತಾರೆ. ಚಳಿಗಾಲದಲ್ಲಿ ನೆರೆಯವರೆಲ್ಲ ಒಂದೇ ಮನೆಯ ಬೆಂಕಿಯ ಸುತ್ತ ಕೂತು ಹೆಣೆಯುವುದು, ಒಬ್ಬರು ಓದಿ ಹೇಳುವುದು. ಆ ಒಬ್ಬ ಯಾವಾಗಲೂ ಎಡ್ಮಂಡ್. ಕೆಂಡಲ್ ಪೇಟೆಯಿಂದ ಅವನು ಎರವಲು ತರುತ್ತಿದ್ದ ಪುಸ್ತಕಗಳೆಲ್ಲ ಒಂದೇ ಬಗೆ: ಪಾಳು ಕೋಟೆ, ಬೀಗ ಹಾಕಿದ ಕೋಣೆ, ಗೋಡೆಯೊಳಗಿನ ನಿಟ್ಟುಸಿರು. ಕೋಟೆಗಳಿಂದ ನನಗೇನೂ ಆಗುತ್ತಿರಲಿಲ್ಲ. ಕಳ್ಳ ಸನ್ಯಾಸಿಗಳು ಬಂದರೆ ನಗು ಬರುತ್ತಿತ್ತು. ಆದರೆ ಒಂದು ಕಥೆಯಲ್ಲಿ ಹೆಂಡತಿ ಸತ್ತಳೆಂದು ಅವಳನ್ನು ಕಲ್ಲಿನ ಗೋರಿಯಲ್ಲಿಟ್ಟು ಮುಚ್ಚುತ್ತಾರೆ. ಅವಳು ಬದುಕಿದ್ದಾಳೆ. ಅಂದು ನನ್ನ ಹೆಣೆಯುವ ಕಡ್ಡಿಯಿಂದ ಕುಣಿಕೆಗಳು ಜಾರಿದವು. ತನಗೆ ಹಾಗಾಗದಂತೆ ನೋಡಿಕೊಳ್ಳಬೇಕೆಂದು ಎಡ್ಮಂಡ್ ನನ್ನಿಂದ ಮಾತು ತೆಗೆದುಕೊಂಡ.

ಜ್ವರ ಬಂದು, ಶನಿವಾರ ಬೆಳಿಗ್ಗೆ ಕುರ್ಚಿಯಲ್ಲೇ ಹೋದ. ಬಾಯಿಗೆ ಕನ್ನಡಿ ಹಿಡಿದೆ, ಮಸುಕಾಗಲಿಲ್ಲ. ಮೂಗಿಗೆ ಉಣ್ಣೆಯ ಎಳೆ ಹಿಡಿದೆ, ಅಲುಗಲಿಲ್ಲ. ಕಥೆಯಲ್ಲೂ ಹೀಗೇ ಇತ್ತು. ಅದಕ್ಕೇ ನಂಬಲಿಲ್ಲ. ಹೆಣದ ಪೆಟ್ಟಿಗೆಗೆ ಮುಚ್ಚಳ ಹಾಕಲು ಬಿಡಲಿಲ್ಲ. ನಾಲ್ಕು ದಿನ.

ಬಡಗಿ ಮೇಸನ್ ಮೊಳೆ ಹಿಡಿದು ಬರುತ್ತಿದ್ದ, ಹೋಗುತ್ತಿದ್ದ. ಪಕ್ಕದ ಮನೆಯ ಪೆಗ್ಗಿ ನಮ್ಮೂರಿನ ಹೆಣ ತೊಳೆಯುವವಳು. ಅವಳು ನನ್ನನ್ನು ಬೈದಳು.

"ಆ ಪುಸ್ತಕ ಬರ್ದೋನು ಒಂದಾದ್ರೂ ಹೆಣ ತೊಳ್ದಿದಾನೇನೇ? ನಾನು ನಲ್ವತ್ತು ತೊಳ್ದಿದೀನಿ. ಒಂದೂ ಎದ್ದು ಗಂಜಿ ಕೇಳ್ಲಿಲ್ಲ."

"ಇವನು ಕೇಳಿದ್ರೆ?"

"ವಾಸ್ನೆ ಬರ್ತಿದೆ ಡೋರಿ."

ನನಗೆ ಬರುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಆ ಪುಸ್ತಕ ತೆಗೆದುಕೊಂಡು ಪೆಟ್ಟಿಗೆಯ ಪಕ್ಕ ಕೂತೆ. ನನಗೆ ಅಕ್ಷರ ಕೂಡಿಸಿ ಓದುವಷ್ಟೇ ಬರುವುದು. ಗೋರಿಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದೆ. ಯಾರಾದರೂ ಒಂದು ಸಾಲು ಬಿಟ್ಟರೂ ಎಡ್ಮಂಡ್ ಸಹಿಸುತ್ತಿರಲಿಲ್ಲ. ಜ್ವರದಲ್ಲಿದ್ದಾಗ ನಾನು ಓದಿ ಹೇಳುತ್ತಾ ಸಾಲು ತಪ್ಪಿದರೂ ತಲೆಯೆತ್ತಿ, ಹಿಂದೆ ಹೋಗೇ ಎಂದಿದ್ದ. ಗಂಡ ಕಲ್ಲು ಸರಿಸಿ ಅವಳ ಕೈ ಹಿಡಿಯುವ ಪುಟ ಬಂತು. ಅವನಿಗೆ ತುಂಬ ಇಷ್ಟವಾದ ಪುಟ. ಬೇಕೆಂದೇ ಅದನ್ನು ಬಿಟ್ಟು ಮುಂದಕ್ಕೆ ಓದಿದೆ. ನಿಲ್ಲಿಸಿ ಕಾದೆ. ಇನ್ನೂ ಒಂದು ಪುಟ ಬಿಟ್ಟೆ.

ಮೇಸನ್ ಟೋಪಿ ತೆಗೆದು ಬಾಗಿಲಲ್ಲಿ ನಿಂತಿದ್ದ.

"ಹೊಡಿ," ಅಂದೆ. "ನಿಧಾನಕ್ಕೆ ಹೊಡಿ."

ಅವನು ಹೊಡೆಯುವಷ್ಟು ಹೊತ್ತೂ ಮುಚ್ಚಳಕ್ಕೆ ಕಿವಿ ಒತ್ತಿಕೊಂಡಿದ್ದೆ. ಒಂದೊಂದು ಮೊಳೆಯಾದ ಮೇಲೂ ಅವನು ಸುತ್ತಿಗೆ ತಡೆದು ನನ್ನ ಮುಖ ನೋಡುತ್ತಿದ್ದ. ಕೊನೆಯದು ಮುಗಿದ ಮೇಲೂ ನಾನು ಏಳಲಿಲ್ಲ. ಪೆಗ್ಗಿ ಬಂದು ನನ್ನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು.