ಪೆಟ್ಟಿಗೆ ಒಯ್ಯಲು ಬಂದ ನಾದಿನಿ

ನಮ್ಮ ಯಜಮಾನರು ನನ್ನ ಜೊತೆ ಆಡದಷ್ಟು ಮೆತ್ತಗಿನ ಮಾತನ್ನು ಜೇನುಹುಳುಗಳ ಜೊತೆ ಆಡುತ್ತಿದ್ದರು. ಅವರು ಹೋಗಿ ಇಷ್ಟು ಕಾಲವಾದರೂ ಅದನ್ನು ಬರೆಯುವಾಗ ಹೊಟ್ಟೆಯಲ್ಲಿ ಕಿಚ್ಚು ಏಳುತ್ತದೆ.

ಮೈಸೂರಿಗೆ ದಸರಾ ನೋಡಲು ಹೋದವರು ಅಲ್ಲಿ ಮರದ ಜೇನುಪೆಟ್ಟಿಗೆ ಕಂಡು ಬಂದು, ಮಧುಗಿರಿಯ ಬಡಗಿಯ ಕೈಲಿ ಅಂಥದ್ದೇ ಎರಡು ಮಾಡಿಸಿದರು. ಬೆಟ್ಟದ ಬುಡದ ಪೊಟರೆಯಲ್ಲಿದ್ದ ಪೆಟ್ಟಿಗೆಗೆ ಒಗ್ಗುವ ತುಡುವೆ ಜೇನನ್ನು ತಂದು ಒಂದರಲ್ಲಿ ಕೂರಿಸಿದರು. ನಮ್ಮ ಕಡೆ ಜೇನು ಕೀಳುವುದೆಂದರೆ ಪಂಜು ಹಚ್ಚಿ ಹುಳು ಸುಟ್ಟು, ಮರಿಮೊಟ್ಟೆ ಸಮೇತ ಜೇನುತಟ್ಟಿಯನ್ನೇ ಹಿಂಡುವುದು. ಹಾಗೆ ಮಾಡಬೇಡಿ ಎಂದು ಹೇಳಲಿಕ್ಕೆ ಅವರು ಖಾಲಿ ಪೆಟ್ಟಿಗೆಯನ್ನು ಗಾಡಿಯಲ್ಲಿಟ್ಟುಕೊಂಡು ಹೊಳವನಹಳ್ಳಿ, ತೋವಿನಕೆರೆ ಅಂತ ಊರೂರು ಸುತ್ತುತ್ತಿದ್ದರು.

ಜೊತೆಗೆ ಅವರ ತಂಗಿ, ತೋವಿನಕೆರೆಗೆ ಕೊಟ್ಟ ನನ್ನ ನಾದಿನಿ. ಹೊಸದರಲ್ಲಿ ನನಗೆ ಒಂದು ಹುಳು ಕಚ್ಚಿ ಮುಖವೆಲ್ಲ ಊದಿತ್ತು. ಅಂದಿನಿಂದ "ನೀನು ದೂರ ಇರು" ಎಂದರು. ತಂಗಿಗೆ ಎಲ್ಲ ಕಲಿಸಿದರು. ಅಣ್ಣತಂಗಿ ಹಿತ್ತಲಲ್ಲಿ ಪೆಟ್ಟಿಗೆ ತೆರೆದು ರಾಣಿಯನ್ನು ಹುಡುಕುತ್ತ ಪಿಸುಗುಡುವಾಗ ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ಹಿಟ್ಟು ತೊಳಸುತ್ತಿದ್ದೆ. ಆ ದಿನಗಳಲ್ಲಿ ನನ್ನ ಮುದ್ದೆ ಬರೀ ಗಂಟು.

ಅವರ ತಿಥಿಯ ದಿನ ಮನೆ ತುಂಬ ಜನ. ಅವರ ಸೋದರತ್ತೆ ಹಿತ್ತಲಿಗೆ ಬಂದು, "ಅವನ ಜೀವ ಇದರಾಗೇ ಇತ್ತು ಕಣಮ್ಮ, ಇದಕ್ಕೂ ಒಂಚೂರು ಲೋಬಾನ ಹಾಕ್ಬುಡಿ" ಎಂದರು. ಕೆಂಡದ ತಟ್ಟೆಯನ್ನು ಪೆಟ್ಟಿಗೆಯ ಬಾಯಿಗೇ ಇಟ್ಟರು. ಬಂದವರೆಲ್ಲ ಒಂದೊಂದು ಚಿಟಿಕೆ ಉದುರಿಸಿ ಕೈಮುಗಿದರು. ಹೊಗೆ ಒಳಗೆ ಹೊಕ್ಕು, ಹುಳುಗಳು ಹೊರಬಂದು ಪೆಟ್ಟಿಗೆಯ ಮುಂದೆ ಗೊಂಚಲಾಗಿ ತೂಗತೊಡಗಿದವು.

ಆಗ ಬಂದಳು ನಾದಿನಿ.

"ಯಾರ್ಲಾ ಅದು ಹೊಗೆ ಇಟ್ಟಿದ್ದು? ಎತ್ತಾಚೆ! ಕಾಡಿಗೆ ಬೆಂಕಿ ಬಿತ್ತು ಅಂದ್ಕೊಂಡು ಇರೋ ಜೇನ್ತುಪ್ಪ ಕುಡ್ಕೊಂಡು ಗುಳೆ ಹೊಂಟ್ಬುಡ್ತವೆ!"

"ಪೂಜೆ ಮಾಡಿದ್ರೂ ತಪ್ಪೇನವ್ವಾ?" ಎಂದರು ಒಬ್ಬ ಹಿರಿಯರು.

"ನಿಮ್ಮನೆ ಬಾಗ್ಲು ಮುಚ್ಚಿ ಹೊಗೆ ಹಾಕಿ ನಾನೂ ಕೈಮುಗೀಲಾ ಮಾವ?"

ತಿಥಿಮನೆಯಲ್ಲಿ ನಗು. ಅವಳು ನೀರು ಚಿಮುಕಿಸಿ ಗೊಂಚಲನ್ನು ಬೊಗಸೆ ಬೊಗಸೆಯಾಗಿ ಒಳಗೆ ಇಳಿಸುತ್ತಲೇ ಹೇಳತೊಡಗಿದಳು. "ಅವುಗಳ ಪಾಲು ಅವಕ್ಕೆ ಬುಟ್ಟು ಮಿಕ್ಕಿದ್ದು ತಗಳಿ. ಹುಚ್ಚೆಳ್ಳು ಹೂವಿಗೆ, ಹುಣಸೆ ಹೂವಿಗೆ ಇವು ಕೂರದಿದ್ರೆ ಕಾಯಿ ಹೆಂಗೆ ಕಟ್ಟೀತು?" ಪಂಜು ಹಿಡಿದು ಜೇನು ಕಿತ್ತವರೇ ಸುತ್ತ ನಿಂತು ತಲೆಯಾಡಿಸಿದರು. ಅಷ್ಟೂ ನಮ್ಮ ಯಜಮಾನರ ಮಾತು. ಮಾತಿನ ನಡುವೆ ಗಂಟಲು ಸರಿಮಾಡಿಕೊಳ್ಳುವುದೂ ಅವರದೇ. ಎಲ್ಲವನ್ನೂ ಅವಳ ಬಾಯಲ್ಲಿಟ್ಟು ಹೋಗಿದ್ದರು. ಅವರ ಹೆಂಡತಿ ನಾನು, ಮೂಲೆಯಲ್ಲಿ ಕೂತಿದ್ದೆ. ನನ್ನನ್ನು ಯಾರೂ ನೋಡುತ್ತಿರಲಿಲ್ಲ.

ಜನ ಕರಗಿದ ಮೇಲೆ ಅವಳು ಹತ್ತಿರ ಕೂತಳು. "ಅತ್ತಿಗೆ, ಪೆಟ್ಟಿಗೇನ ನಮ್ಮೂರಿಗೆ ಒಯ್ತೀನಿ. ನಿಮ್ಗೆ ಇದ್ರ ಪಾಡು ತಿಳಿಯಲ್ಲ. ಇಲ್ಲಿದ್ರೆ ಹಾರೋಯ್ತವೆ."

ಅವಳು ಹೇಳಿದ್ದು ನಿಜ. ಅದಕ್ಕೇ ಇನ್ನಷ್ಟು ಉರಿಯಿತು.

"ಒಯ್ಯಬೇಡ" ಎಂದೆ. "ಅವರದು ಅಂತ ಉಸಿರಾಡೋದು ಈ ಮನೇಲಿ ಇದೊಂದೇ. ನನಗೆ ಕಲಿಸು."

"ಕಚ್ಚಿದ್ರೆ ಮುಖ ಊದ್ಕೊತದೆ ಅತ್ತಿಗೆ."

"ಇನ್ನು ಯಾರು ನೋಡಬೇಕು ಈ ಮುಖಾನ?"

ಅವಳು ಪೆಟ್ಟಿಗೆ ಎತ್ತಲಿಲ್ಲ. ಊರಿಗೂ ಹೊರಡಲಿಲ್ಲ.

ಹುಳುಗಳು ನೆಲೆ ನಿಂತ ಮೇಲೆ ಒಂದು ಬೆಳಿಗ್ಗೆ ನನ್ನ ಕೈಯಲ್ಲೇ ಮುಚ್ಚಳ ತೆಗೆಸಿದಳು. ತಟ್ಟಿ ಕಟ್ಟಿದ್ದ ಮರದ ಚೌಕಟ್ಟನ್ನು ಎತ್ತಿದವಳು ನೋಡುವ ಆಸೆಗೆ ಅದನ್ನು ತಟ್ಟೆಯ ಹಾಗೆ ಅಡ್ಡ ಹಿಡಿದೆ. ಹೊಸ ತಟ್ಟಿ ಮೆತ್ತಗಿರುತ್ತದೆ, ಅಡ್ಡ ಹಿಡಿದರೆ ಕಳಚಿ ಬೀಳುತ್ತದೆ. ತಕ್ಷಣ ನನ್ನ ನೆತ್ತಿಯ ಮೇಲೆ ಟಣ್ಣಂತ ಒಂದು ಮೊಟಕು ಬಿತ್ತು.

ನಾದಿನಿ ನಾಲಿಗೆ ಕಚ್ಚಿಕೊಂಡಳು. "ತಪ್ಪಾಯ್ತು ಅತ್ತಿಗೆ! ಅಡ್ಡ ಹಿಡಿದಾಗೆಲ್ಲ ಅಣ್ಣಯ್ಯ ನಂಗೆ ಹಿಂಗೇ ಮೊಟಕ್ತಿದ್ದ. ಕೈ ತಾನೇ ಬಂದ್ಬುಡ್ತು."

ನನಗೆ ಅವರು ಒಂದು ದಿನವೂ ಮೊಟಕಿರಲಿಲ್ಲ.

ಚೌಕಟ್ಟನ್ನು ನೆಟ್ಟಗೆ ಮಾಡಿದೆ. ಆಮೇಲೆ, ಅವಳು ನೋಡುತ್ತಿರುವಾಗಲೇ, ಬೇಕೆಂದೇ ಒಂಚೂರು ವಾಲಿಸಿದೆ.