ಸಮುದ್ರಕ್ಕೆ ಹತ್ತಿರದ ರೂಮು

ಡರ್ಹಮ್‌ನ ಆಸ್ಪತ್ರೆಯೊಂದರಲ್ಲಿ ಕೀಮೋ ಕೊಡುವ ನರ್ಸ್ ನಾನು. ಅವತ್ತು ಬಂದ ಆಂಟಿ ಧಾರವಾಡದ ಕಡೆಯವರು, ಸ್ವತಃ ನಿವೃತ್ತ ಡಾಕ್ಟರ್. ನಾನು ಡ್ರಿಪ್ ಹಾಕುತ್ತಿದ್ದರೆ, ಪಕ್ಕದಲ್ಲಿ ಅವರ ಯಜಮಾನರು ಫೋನಿನಲ್ಲಿ ಇಟಲಿಯ ಕಡಲತೀರದ ಹೋಟೆಲು ಹುಡುಕುತ್ತಿದ್ದರು.

"ಈ ಗುಡ್ಡದ ಮ್ಯಾಲಿಂದ ಪೂರಾ ಸಮುದ್ರ ಕಾಣ್ತದ. ಇದನ್ನ ಬುಕ್ ಮಾಡ್ತೀನಿ."

"ಅಷ್ಟು ಮೆಟ್ಟಲಾ ಯಾರು ಹತ್ತವರು? ನನ್ನ ಹೊತಗೊಂಡು ಹೋಗ್ತೀರೇನು?" ಎಂದರು ಆಂಟಿ. "ಕೆಳಗಿಂದು ನೋಡ್ರಿ. ನೀರಿನ ಸಪ್ಪಳ ಕೇಳಿದ್ರ ಸಾಕು ನನಗ."

ಅಂಕಲ್ ಕೆಳಗಿನದನ್ನೇ ಹಿಡಿದರು. ಅದರಲ್ಲಿ ಎರಡು ಬಗೆ: ರದ್ದು ಮಾಡಿದರೆ ಹಣ ವಾಪಸ್ ಬರುವುದು, ಬಾರದಿರುವುದು.

"ವಾಪಸ್ ಬರೋದನ್ನ ತಗೋರಿ. ಸ್ಕ್ಯಾನ್ ನಾನೂ ನೋಡೇನ್ರಿ," ಎಂದರು ಆಂಟಿ.

"ಅಪಶಕುನ ನುಡೀಬ್ಯಾಡ." ಅಂಕಲ್ ನನ್ನತ್ತ ತಿರುಗಿದರು. "ನೀವ ಹೇಳ್ರಿ ಸಿಸ್ಟರ್, ಯಾವುದು ತಗೋಬೇಕು?"

ಸ್ಕ್ಯಾನ್ ನಾನೂ ನೋಡಿದ್ದೆ. ಆದರೂ "ದೇವರು ನಡೆಸಿಕೊಡ್ತಾನೆ ಅಂಕಲ್," ಎಂದೆ. ಅಷ್ಟು ಸಾಕಾಯಿತು ಅವರಿಗೆ, ಹಣ ಬಾರದಿರುವುದನ್ನೇ ಒತ್ತಿಬಿಟ್ಟರು. ಆಂಟಿ ಕಣ್ಣು ಮುಚ್ಚಿಕೊಂಡೇ ನಕ್ಕರು.

ಮನೆಗೆ ಬಂದವಳೇ, ಆಂಟಿ ಆ ಕಡಲು ನೋಡಿ ಬರಲೆಂದು ಹರಸಿಕೊಂಡು, ಒಂದು ನಾಣ್ಯವನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ತಿಮ್ಮಪ್ಪನ ಮುಂದೆ ಮುಡಿಪಿಟ್ಟೆ.

ಪ್ರಯಾಣದ ದಿನ ಬರುವ ಮೊದಲೇ ಆಂಟಿ ತೀರಿಕೊಂಡರು. ಆಮೇಲೊಮ್ಮೆ ನಮಗೆಲ್ಲ ಥ್ಯಾಂಕ್ಸ್ ಹೇಳಲು ಬಂದ ಅಂಕಲ್, "ಹೋಟೆಲಿನವರು ರೊಕ್ಕ ಕೊಡಲಿಲ್ಲ. ನಾನೂ ಕೇಳಲಿಲ್ಲ ಬಿಡ್ರಿ," ಎಂದರು.

ನನ್ನ ಮುಡಿಪೂ ಕಟ್ಟಿದ ಹಾಗೇ ಇದೆ. ತಿಮ್ಮಪ್ಪನಲ್ಲಿ ಇರುವುದು ಹಣ ವಾಪಸ್ ಬಾರದ ಬಗೆಯದು ಮಾತ್ರ. ಅದು ಗೊತ್ತಿದ್ದೇ ಕಟ್ಟಿದ್ದೆ.